ಬಿದ್ದ ಬಟ್ಟೆ

ಎಲಿಸೆಯೊ, ಮೊದಲು ಆ ಚೀಟಿ ಕತ್ತರಿಸು.
ಅಂಚಿಗೆ ಹೊಲಿದ ಉಗುರಗಲದ ಚೀಟಿಯೇ ಸಾಕು,
ಅರವತ್ತನಾಲ್ಕರ ಇಂಪಾಲಾದ ಕರಿ ಮೈಮೇಲೆ
ಜೇಡ ನೇಯ್ದು ಹೋದ ಹಾಗೆ ಗೀರೆಳೆಯಲು.

ಅಂಗಡಿಯವನ ಮಾತು ಬಿಡು,
ತೂಕ ಬರೆದಿರುತ್ತಾನೆ, ಮುನ್ನೂರು, ಐನೂರು.
ಕಣ್ಣು ಮುಚ್ಚಿ ಮುಂಗೈ ಮೇಲೆ ಎಳೆದು ನೋಡು:
ಒಣಚರ್ಮಕ್ಕೆ ಸಣ್ಣಗೆ ಕಚ್ಚಬೇಕು,
ಬೆಕ್ಕಿನ ಮರಿಯ ನಾಲಿಗೆಯಷ್ಟು.
ದಪ್ಪನೆಯದು ನೀರಿಗೆ, ಗಿಡ್ಡ ಎಳೆಯದು ಮೇಣಕ್ಕೆ.
ಚಕ್ರದ್ದು ಚಕ್ರಕ್ಕೇ.
ಬ್ರೇಕಿನ ಕಬ್ಬಿಣದ ಪುಡಿ ಒಮ್ಮೆ ಒಳಹೊಕ್ಕರೆ
ಯಾವ ಸೋಪು ಕರೆದರೂ ಹೊರಗೆ ಬರುವುದಿಲ್ಲ.

ಒಗೆಯುವಾಗ ಹತ್ತಿಯ ಜತೆ ಸೇರಿಸಬೇಡ.
ಹತ್ತಿಗೆ ಉದುರಿಸುವ ಚಟ, ಇದಕ್ಕೆ ಬಿಡದ ಚಟ.
ಜೂನಿನಲ್ಲಿ ಒಂದು ಸಲ ಹೊರಗೆ ಒಣಹಾಕಿದ್ದೆ,
ನದಿಯಂಚಿನ ಕಾಟನ್‌ವುಡ್ ಮರಗಳು
ಅರಳೆ ಹಾರಿಸುವ ಕಾಲ ಅನ್ನುವುದನ್ನೇ ಮರೆತು.
ಸಂಜೆ ಹಗ್ಗದ ಮೇಲೆ ಮೂವತ್ತು ಕುರಿಮರಿ.

ಇನ್ನೊಂದು ಸಲ ನಮ್ಮತ್ತೆ ಹೆನೊವೇವಾ,
ಸೊಂಟ ಹಿಡಿದುಕೊಂಡೇ, ನಾನಿಲ್ಲದಾಗ
ಎಲ್ಲವನ್ನೂ ಒಗೆದಿಟ್ಟಳು.
ಮೆತ್ತಗಾಗಲೆಂದು ಲ್ಯಾವೆಂಡರ್ ಕಂಡಿಷನರ್
ಎರಡು ಮುಚ್ಚಳ ಹೆಚ್ಚಿಗೆ.
ಅಂಚಿಗೆ ಅಂಚು ಸೇರಿಸಿ,
ಚರ್ಚಿನ ಪೀಠಕ್ಕೆ ಹಾಸುವ ಬಟ್ಟೆಯ ಹಾಗೆ ಮಡಿಸಿದ್ದಳು.
ಎಂಥ ಮೆದು! ಎಂಥ ಪರಿಮಳ!
ಬಾನೆಟ್ಟಿಗೆ ಹಾಸಿದರೆ ನೀರು ಪಕ್ಕಕ್ಕೆ ಸರಿದು ನಿಂತಿತು,
ಮಾತು ಬಿಟ್ಟ ನೆಂಟರ ಹಾಗೆ.
ಥ್ಯಾಂಕ್ಸ್ ಅಂದೆ. ಇನ್ನೇನು ಅನ್ನಲಿ?
ಅವಳು ಮಲಗಿದ ಮೇಲೆ ಬೆಚ್ಚನೆ ನೀರು, ವಿನಿಗರ್,
ಮೂರು ಸುತ್ತು. ಮೆಷಿನ್ನಿಗೆ ಒರಗಿ ಕಾದೆ.
ಬೇಗ ಒಣಗಲೆಂದು ಬಿಸಿಗಾಳಿ ಏರಿಸಲೂ ಹೆದರಿಕೆ,
ಕೊನೆಗೂ ಪ್ಲಾಸ್ಟಿಕ್ಕೇ ತಾನೇ, ಎಳೆಯ ತುದಿ ಕರಗುತ್ತದೆ.
ಅರ್ಧ ಬದುಕಿದವು.
ಉಳಿದವು ಈಗಲೂ ಟೈರಿಗೆ ಆಗುತ್ತವೆ,
ಒದ್ದೆಯಾದರೆ ಗ್ಯಾರೇಜೆಲ್ಲ ಲ್ಯಾವೆಂಡರ್.

ಬೇರೆ ಏನು ಮರೆತರೂ ಸರಿ:
ನೆಲಕ್ಕೆ ಬಿದ್ದದ್ದು ಮತ್ತೆ ಮೈ ಮುಟ್ಟಕೂಡದು.
ಕೊಡವಿದರೆ ಹೋಯಿತು ಅನ್ನುತ್ತೀಯ.
ಎಸ್ಪನ್ಯೋಲಾದ ಮರಳು ಕೊಡವಿದರೆ ಹೋಗುವಂಥದ್ದಲ್ಲ,
ನಮ್ಮ ಹಲ್ಲಿನ ಸಂದಿಯಲ್ಲೂ ಇದೆ,
ಬೈಬಲ್ಲಿನ ಹಾಳೆಗಳ ನಡುವೆಯೂ.

ಈಗಷ್ಟೇ, ನಾನು ಫೋನೆತ್ತಲು ತಿರುಗಿದಾಗ
ಮೆತ್ತಗೆ ಏನೋ ಬಿತ್ತು.
ಬಟ್ಟೆ ಬಿದ್ದರೆ ಸದ್ದಾಗುವುದಿಲ್ಲ ಅಂತಾರೆ,
ಇಪ್ಪತ್ತೆರಡು ವರ್ಷ ಒರೆಸಿದವಳ ಕಿವಿಗೆ ಆಗುತ್ತದೆ.
ನೀನು ಬಗ್ಗಿದೆ. ಆಚೀಚೆ ನೋಡಿದೆ.

ನಾನು ನೋಡಲಿಲ್ಲ, ಎಲಿಸೆಯೊ.
ಬಾನೆಟ್ಟು ನೋಡಿತು.
ನಾಳೆ ಹತ್ತು ಗಂಟೆಯ ಬಿಸಿಲಿಗೆ, ಯಜಮಾನನೆದುರು,
ಅದು ಬಾಯಿ ಬಿಡುತ್ತದೆ.

ಚಕ್ರದ ಬಕೆಟ್ಟು ಬಾಗಿಲ ಹಿಂದಿದೆ.