ಬಾಬ್ತು

ರಾತ್ರಿ ಒಂದೂ ಮುಕ್ಕಾಲು. ಒಂದೇ ಆಟೋದಲ್ಲಿ ಮೂವರನ್ನು ತಂದರು.
ಸಾಲಗಾಮೆ ರಸ್ತೆಯ ಕಲ್ಯಾಣಮಂಟಪಕ್ಕೆ ಬಣ್ಣ ಹೊಡೆಯುವವರು.
ಬಾಗಿಲಿಗೆ ಪಾಲಿಶ್ ಕೊಡಲು ತಂದಿದ್ದ ಸ್ಪಿರಿಟ್ಟಿನ ಕ್ಯಾನು,
ಮೊನ್ನೆ ಸಂಜೆ ನಿಂಬೆಹಣ್ಣು ಹಿಂಡಿ, ಸೋಡಾ ಬೆರೆಸಿ,
ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಡಿದಿದ್ದಾರೆ.
ಅವತ್ತು ಏನೂ ಆಗಲಿಲ್ಲವಂತೆ.
ಬೆಳಿಗ್ಗೆ ಏಣಿ ಹತ್ತಿ ಅರ್ಧ ಗೋಡೆ ಮುಗಿಸಿದ್ದರಂತೆ.

ಹಿರಿಯವನು ಹೊಂಬಾಳಯ್ಯ. ಮಲಗು ಅಂದರೂ ಮಲಗಲಿಲ್ಲ.
"ಯಾರಣ್ಣ ಈ ಗೋಡೆಗೆಲ್ಲ ಪ್ರೈಮರ್ ಹೊಡ್ದಿದ್ದು?
ಕಿಟ್ಕಿ ಗಾಜಿನ ಮೇಲೂ ಹೊಡ್ದವ್ರಲ್ಲ, ಟೇಪು ಹಾಕ್ದೆ."
ನಮ್ಮ ವಾರ್ಡಿನ ಗೋಡೆ ಹಸಿರು.
ಆಳೆತ್ತರದವರೆಗೆ ಆಯಿಲ್ ಪೇಂಟು, ಹಸಿರು.

ಡ್ಯೂಟಿ ಡಾಕ್ಟರು ಶ್ರಾವಣಿ, ತಿಪಟೂರಿನ ಹುಡುಗಿ,
ಅವನ ಎದೆಯನ್ನೇ ನೋಡುತ್ತಿದ್ದರು.
ಮೈಲಿ ಓಡಿ ಬಂದವನ ಉಸಿರು, ಕಾಲು ಮಾತ್ರ ತಣ್ಣಗೆ.
ಫೋನು ಮಾಡಿದರು. ಇನ್ನೊಂದು ಮಾಡಿದರು.
ಬೇಕಾದ ಇಂಜೆಕ್ಷನ್ನು ಇಲ್ಲಿಲ್ಲ, ಮೈಸೂರಲ್ಲೂ ಇಲ್ಲ.
ಆಮೇಲೆ ಚೀಟಿ ಬರೆದು, ಸೀಲು ಒತ್ತಿ, ನನ್ನ ಕೈಗಿಟ್ಟರು:
ವಿಸ್ಕಿ, ಎರಡು ಬಾಟಲ್.

ನಾನು ಬಿಟ್ಟು ನಾಲ್ಕು ವರ್ಷ ಎರಡು ತಿಂಗಳು.
ಅವರಿಗದು ಗೊತ್ತಿಲ್ಲ. ಹೇಳುವ ಹೊತ್ತೂ ಅಲ್ಲ.

ಎನ್.ಆರ್. ಸರ್ಕಲ್ ಹಿಂದಿನ ಶಟರು ತಟ್ಟಿದೆ.
ಜಯರಾಮಣ್ಣ ಬನಿಯನ್ನಿನಲ್ಲೇ ಬಂದು ಮುಖಕ್ಕೆ ಟಾರ್ಚು ಬಿಟ್ಟ.
"ಮತ್ತೆ ಶುರು ಮಾಡ್ಕಂಡ್ಯೇನೋ?"
ಚೀಟಿ ಕೊಟ್ಟೆ. ಸೀಲನ್ನು ಎರಡು ಸಲ ಓದಿದ.
"ಬ್ರ್ಯಾಂಡ್ ಬರ್ದಿಲ್ವಲ್ಲ ಡಾಕ್ಟ್ರು."
ಇಬ್ಬರೂ ನಗಲಿಲ್ಲ.

ಸ್ಕೂಟರಿನ ಡಿಕ್ಕಿಯಲ್ಲಿ ಎರಡೂ ಒಂದಕ್ಕೊಂದು ತಾಗಿ
ಮಾತಾಡಲು ಶುರು ಮಾಡಿದವು. ಆ ದನಿ ನನಗೆ ಗೊತ್ತು,
ನನ್ನ ಹೆಸರು ಅದಕ್ಕೆ ಗೊತ್ತು.
ಹೇಮಾವತಿ ಪ್ರತಿಮೆಯ ಹತ್ತಿರ ನಿಲ್ಲಿಸಿ
ನಡುವೆ ಟವೆಲ್ಲು ಸುತ್ತಿದೆ.

ಮೂಗಿಗೆ ನಳಿಕೆ ಇಳಿಸುತ್ತಾ ಡಾಕ್ಟರು ಹೇಳಿದರು:
"ಲಿವರ್‌ಗೆ ಒಂದೇ ಬಾಗಿಲು ಅಂದ್ಕೊಳ್ಳಿ.
ಅವ್ರು ಕುಡಿದಿದ್ದು ಅದನ್ನ ದಾಟಿದ್ರೇನೇ ವಿಷ.
ಒಳ್ಳೇದು ಮುಂಚೆ ಹೋಗಿ ಕೂತ್ರೆ
ಕೆಟ್ಟದ್ದು ಹೊರಗೇ ಕಾದೂ ಕಾದೂ ಹೊರಟೋಗುತ್ತೆ."
ತಿಳಿಯಿತು. ಅರಕಲಗೂಡಿನ ಕೊನೇ ಬಸ್ಸಿಗೆ
ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವುದು.

ಆದರೆ ಒಳ್ಳೇದು ಅಂದರಲ್ಲ,
ಆ ಮಾತು ಮಾತ್ರ ಗಂಟಲಿಗೆ ಸಿಕ್ಕಿಕೊಂಡಿತು.
ಮನೆಯ ಹಿತ್ತಾಳೆ ಹಂಡೆ, ಮಗಳ ಶಾಲೆ ಫೀಸು,
ಹೆಂಡತಿಯ ಎಡಗೈ ಮಣಿಕಟ್ಟು,
ಎಲ್ಲ ಹೋದದ್ದು ಈ ಒಳ್ಳೇದರಿಂದಲೇ.

ಗಂಟೆಗೆ ಮೂವತ್ತು ಎಂ.ಎಲ್., ನೀರು ಬೆರೆಸಿ.
ಸಿಸ್ಟರ್ ಒಬ್ಬರೇ. ಅಳೆಯುವ ಕೆಲಸ ನನಗೆ ಬಂತು.
ಟ್ಯೂಬ್‌ಲೈಟಿಗೆ ಲೋಟ ಹಿಡಿದು, ಗೆರೆಗೆ ಕಣ್ಣಿಟ್ಟು,
ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯಿಲ್ಲ.
ನಾನು ಯಾವತ್ತೂ ಅಳೆದು ಕುಡಿದವನಲ್ಲ.

ರಂಗಧಾಮ ನಾಲ್ಕೂವರೆಗೆ ಹೋದ,
ಮೇಲೆ ಡಯಾಲಿಸಿಸ್ ಮಿಷನ್ನು ಅಣಿಯಾಗುವಷ್ಟರಲ್ಲಿ.
ಆ ಜಾಗಕ್ಕೆ ಚಿಕ್ಕವನು ಕೀರ್ತಿಯನ್ನು ತಳ್ಳಿಕೊಂಡು ಹೋದೆ.
ಲಿಫ್ಟಿನಲ್ಲಿ ಅವನಿಗೆ ನಿಶೆ ಏರಿತ್ತು,
ನನ್ನನ್ನು ಮಾವ ಅಂದ, ಕೈ ಬಿಡಲಿಲ್ಲ.
ಬದುಕುತ್ತಾನೆ ಅಂದರು.

ಬೆಳಕಾದ ಮೇಲೆ ಹೊಂಬಾಳಯ್ಯ
ಗಾಳಿಯಲ್ಲಿ ಬೆರಳಾಡಿಸಿ ಗೋಡೆ ಮುಟ್ಟಿದ.
ಒಣಗಿದೆಯೋ ಅಂತ ನೋಡುವವನ ಹಾಗೆ, ಬೆರಳ ತುದಿಯಿಂದ.
"ಒಣಗೈತೆ," ಅಂದ. "ಬಣ್ಣ ಯಾವಾಗ ಹೊಡೀತೀರಿ?"
ಡಾಕ್ಟರು ಅವನ ಕಣ್ಣಿಗೆ ಟಾರ್ಚು ಬಿಟ್ಟು
ಆರಿಸಿ, ಇನ್ನೊಮ್ಮೆ ಬಿಟ್ಟು,
ಜೇಬಿಗೆ ಹಾಕಿಕೊಂಡರು.

ಉಳಿದ ಮುಕ್ಕಾಲು ಬಾಟಲಿ ಔಷಧದ ಬೀರುವಿನಲ್ಲಿಟ್ಟು
ಬೀಗ ಹಾಕಿ, ಕೀಲಿಯನ್ನು ಸಿಸ್ಟರಿಗೆ ಕೊಟ್ಟೆ.
ನಿಮ್ಮ ಹತ್ರಾನೇ ಇರಲಿ ಅಂದರು. ಬೇಡ ಅಂದೆ.

ಆಫೀಸಿನ ಗುಮಾಸ್ತೆ ಬಿಲ್ಲು ಹಿಡಿದು ಕೇಳಿದಳು:
"ಯಾವ ಬಾಬ್ತು ಅಂತ ಬರೀಲಿ?"
ಔಷಧ ಅಂದೆ. ಬರೆದಳು.
ಯೋಚಿಸಿ, ಹೊಡೆದುಹಾಕಿ, 'ಇತರೆ' ಎಂದು ತಿದ್ದಿದಳು.

ಮನೆಯಲ್ಲಿ ಅಂಗಿ ಬಿಚ್ಚಿ ಬಕೆಟ್ಟಿಗೆ ಹಾಕುವಷ್ಟರಲ್ಲಿ
ವಾಸನೆ ಅಡುಗೆಮನೆ ತಲುಪಿತ್ತು.
ಅವಳು ಏನೂ ಕೇಳಲಿಲ್ಲ.
ಎಡಗೈಯನ್ನು ಮೆಲ್ಲಗೆ
ಸೆರಗಿನೊಳಗೆ ಎಳೆದುಕೊಂಡಳು.