ಹತ್ತು ಸೆಕೆಂಡಿನ ಹೊಗೆ

ಐದನೇ ಸೆಮಿಸ್ಟರಿನ ಎರಡನೇ ಅಸೈನ್‌ಮೆಂಟು:
ಹೊಗೆ. ಹತ್ತು ಸೆಕೆಂಡು. ಹಿನ್ನೆಲೆ ಕಪ್ಪು.
ಇಷ್ಟೇ ಬರೆದು ವಿಂಧ್ಯಾ ಮೇಡಂ
ಮಾರ್ಕರಿಗೆ ಮುಚ್ಚಳ ಹಾಕಿದರು.

ಇರ್ಷಾದ್ ರಾಕೆಟ್ಟು ಅಂದ. ಪೂವಯ್ಯ ಕಾಫಿ ಲೋಟ.
ಹಿಂದಿನ ಬೆಂಚಿಗೆಲ್ಲ ಸಿಗರೇಟು.
ನಾನು ಊದುಬತ್ತಿ ಅಂದೆ,
ಸುಲಭ ಅಂದುಕೊಂಡೆ,
ಅದರ ನಡುವೆಯೇ ಬೆಳೆದವಳಲ್ಲವೆ.

ಬೆಳೆದದ್ದು ನಿಜ.
ಕ್ಯಾತಮಾರನಹಳ್ಳಿಯ ನಮ್ಮ ಒಂದೂವರೆ ಕೋಣೆಯಲ್ಲಿ
ಇದ್ದಿಲಪುಡಿ, ಜಿಗಟು, ಬಿದಿರು ಕಡ್ಡಿ,
ಅವ್ವನ ಮಣೆ, ಮಣೆಯ ಮೇಲೆ ಅವ್ವನ ಅಂಗೈ,
ನೆಲದ ತುಂಬ ಒಣಗಲು ಹರಡಿದ ಸಾವಿರ, ಇನ್ನೊಂದು ಸಾವಿರ.
ಅವನ್ನು ದಾಟಿ ದಾಟಿಯೇ ನಾನು ನಡೆಯಲು ಕಲಿತದ್ದು.
ಒಂದನ್ನಾದರೂ ಹಚ್ಚಿದ್ದು ಮಾತ್ರ ಕಂಡಿಲ್ಲ.
ಎಣಿಸಿ, ಕಟ್ಟಿ, ಶನಿವಾರ ಮೇಸ್ತ್ರಿಗೆ.
ದೇವರಿಗೆ ನಮ್ಮಲ್ಲಿ ಹೂವು ಸಾಕು.

ಲ್ಯಾಬಿನ ಏಳನೇ ಮಷೀನು, ಗೊರಕೆ ಹೊಡೆಯುತ್ತೆ.
ಕಣಗಳು ಎರಡು ಲಕ್ಷ.
ಗಾಳಿ ಸೊನ್ನೆ ಬಿಂದು ನಾಲ್ಕು.
ಆಯುಸ್ಸು ತೊಂಬತ್ತು ಫ್ರೇಮು. ಹೌದು,
ಕಣದ ಆಯುಸ್ಸು ಬರೆಯಲೂ ಒಂದು ಚೌಕ ಇದೆ;
ತುಂಬುವಾಗ ಬೆರಳು ಒಂದು ಗಳಿಗೆ ತಡೆಯುತ್ತೆ.

ಮೇಡಂ ಎರಡು ಸಲ ನೋಡಿದರು.
ಹೊಗೆಯ ಹಾಗಿದೆ, ಅಂದರು.
'ಹಾಗಿದೆ' ನಮ್ಮ ಕ್ಲಾಸಿನಲ್ಲಿ ಬೈಗುಳ.

ಇರ್ಷಾದನ ಲ್ಯಾಪ್‌ಟಾಪು ಬೇಡಿ ಮನೆಗೆ ತಂದೆ.
ಅವ್ವ ಕೈ ನಿಲ್ಲಿಸದೆ ಕುತ್ತಿಗೆ ಮಾತ್ರ ಚಾಚಿದಳು.
ಎಷ್ಟು ಚಿತ್ರ ಅದು?
ಸೆಕೆಂಡಿಗೆ ಇಪ್ಪತ್ನಾಲ್ಕು, ಒಟ್ಟು ಇನ್ನೂರ ನಲವತ್ತು.
ಸಾವಿರಕ್ಕೆ ಏನು ಕೊಡ್ತಾರೆ?
ಕೊಡಲ್ಲವ್ವ. ನಾವೇ ಕಟ್ಟಬೇಕು, ಫೀಸು.
ಥೂ, ಅಂದಳು, ನಮ್ ಮೇಸ್ತ್ರಿಯೇ ವಾಸಿ.

ಮತ್ತೆ ನಾಲ್ಕು ಕಡ್ಡಿ ಹೊಸೆದಾದ ಮೇಲೆ:
ಅಲ್ಲ ಕಣೆ, ನಿನ್ ಹೊಗೆಗೆ
ಎಲ್ಲಿಗೋಗ್ಬೇಕು ಅಂತ ಮೊದಲೇ ಗೊತ್ತಿದ್ದಂಗೈತಲ್ಲ.

ಒಂದು ಹಚ್ಚೋಣವ್ವಾ, ಅಂದೆ.
ಮಣೆ ನಿಂತಿತು.
ಒಂದು ಕಮ್ಮಿಯಾದರೆ ಹತ್ತು ಮುರಿದುಕೊಳ್ಳುತ್ತಾನೆ ಅವನು.
ಹುಡುಕಿ ಹುಡುಕಿ ಒಂದು ಸೊಟ್ಟನೆಯದು ತೆಗೆದಳು,
ಹೊಟ್ಟೆ ಊದಿದ್ದು, ಹೇಗೂ ತಿರಸ್ಕಾರವಾಗುವಂಥದು.
ಅರ್ಧ ಆಲೂಗಡ್ಡೆಗೆ ಚುಚ್ಚಿ, ಸ್ಟವ್ವಿನಿಂದ ಹಚ್ಚಿ,
ಹಿಂದೆ ಕರಿ ಕಂಬಳಿ ನೇತುಹಾಕಿ
ಫ್ಯಾನು ಆರಿಸಿ ಕೂತೆವು.
ನನ್ನ ಕೈಯಲ್ಲಿ ಫೋನು, ರೆಕಾರ್ಡಿನ ಕೆಂಪು ಚುಕ್ಕೆ;
ಎದುರಿಗೆ ಇನ್ನೊಂದು ಕೆಂಪು ಚುಕ್ಕೆ.

ಒಂದು ಗೇಣು ನೆಟ್ಟಗೆ,
ಸ್ಕೂಲಿನ ಪ್ರಾರ್ಥನೆಗೆ ನಿಂತ ಮಗುವಿನ ಹಾಗೆ.
ಆಮೇಲೆ ಯಾರೋ ಕರೆದರೆಂದು ಹೊರಳಿ,
ಯಾರೂ ಇಲ್ಲವೆಂದು ಗೊತ್ತಾಗಿ,
ಅಲ್ಲೇ, ಆ ನಾಚಿಕೆಯಲ್ಲೇ, ಬಿಚ್ಚಿಕೊಂಡಿತು.

ನೋಡ್ದಾ, ಅಂದಳು ಅವ್ವ ಪಿಸುದನಿಯಲ್ಲಿ,
ಜೋರಾಗಿ ಅಂದರೆ ಅದು ಕೆಡುತ್ತೆ ಅನ್ನುವಂತೆ.

ವಾಸನೆ? ಸುಟ್ಟ ಇದ್ದಿಲು, ಅಷ್ಟೇ.
ಮಲ್ಲಿಗೆ ಕೇದಗೆ ಗಂಧ ಎಲ್ಲ ಮೇಸ್ತ್ರಿಯಿಂದಾಚೆ,
ಫ್ಯಾಕ್ಟರಿಯ ಡ್ರಮ್ಮುಗಳಲ್ಲಿ.
ಇಲ್ಲಿಂದ ಹೊರಡುವುದು ಬರಿಯ ಕರಿ ಮೈ.

ಫ್ರೇಮಿಗೆ ಮೂರು ನಿಮಿಷ, ಹನ್ನೆರಡು ಗಂಟೆ ರೆಂಡರ್.
ಗಾಳಿಯ ಚೌಕದಲ್ಲಿ ಅಂಕಿ ಅಳಿಸಿದೆ,
ಪ್ರತಿ ಫ್ರೇಮಿಗೂ ಕೈಯಿಂದಲೇ ತಿದ್ದಿದೆ,
ಇನ್ನೂರ ನಲವತ್ತು ಸಲ, ಒಂದೊಂದಾಗಿ,
ಉಗುರಲ್ಲಿ ಕರಿ ಇಲ್ಲ ಅನ್ನುವುದು ಬಿಟ್ಟರೆ
ಅದೇ ಕೆಲಸ.
ವಾಚ್‌ಮನ್ ಶಿವಮಾದು ಎರಡು ಸಲ ಬಂದು
ಬೀಗ ಅಲ್ಲಾಡಿಸಿ ಹೋದ.
ಬೆಳಗಿನ ಜಾವ ಸರಸ್ವತಿಪುರಂನಲ್ಲಿ ಕರೆಂಟು ಮಿಣುಕಿತು;
ಇನ್ನೂರ ಹನ್ನೊಂದನೇ ಫ್ರೇಮು
ಯಾಕೋ ಉಳಿದುಕೊಂಡಿತು.

ಮಾರ್ಕ್ಸು ಇನ್ನೂ ಬಂದಿಲ್ಲ.
ಮೇಡಂ ಈ ಸಲ ಏನೂ ಅನ್ನಲಿಲ್ಲ, ಇನ್ನೊಮ್ಮೆ ಹಾಕು ಅಂದರು.

ರಾತ್ರಿ ಅವ್ವನಿಗೆ ಫೋನಿನಲ್ಲಿ ತೋರಿಸಿದೆ.
ಪೂರ್ತಿ ಹತ್ತು ಸೆಕೆಂಡು ಕೈ ನಿಲ್ಲಿಸಿದಳು,
ಗಾಜಿನ ಮೇಲೆ ಹೆಬ್ಬೆಟ್ಟಿನ ಕರಿ ಗುರುತು ಬಿಟ್ಟು
ಫೋನನ್ನು ಮೂಗಿನ ಹತ್ತಿರ ತಂದು
ನಮ್ಮದೇ, ಅಂದಳು.
ವಾಸನೆ ಇಲ್ಲ.