ಹಿಟ್ಟಿನ ಗೆರೆ

ಹತ್ತೊಂಬತ್ತು ವರ್ಷ ಆಟದ ರಿಜಿಸ್ಟರಿನಲ್ಲಿ
ಕೆಂಪು ಶಾಯಿಯಲ್ಲಿ ಒಂದೇ ಪದ ಬರೆದೆ: ವಿನಾಯಿತಿ.
ದುಂಡನೆಯ ಅಕ್ಷರ, ಕರುಣೆಯ ಹಾಗೆ ಕಾಣುತ್ತಿತ್ತು.
ಕಾಲು ಸೊಟ್ಟಗಿದ್ದ ಲೋಹಿತನಿಗೆ ವಿನಾಯಿತಿ,
ಕಿವಿ ಕೇಳದ ಇಂಚರಳಿಗೆ ವಿನಾಯಿತಿ,
ಕಣ್ಣು ಕಾಣದ ತಸ್ಮಿಯಾಳಿಗೆ
ವಿನಾಯಿತಿಯ ಜೊತೆಗೊಂದು ಕೆಲಸ:
ಹೊಂಗೆಮರದ ಬುಡದಲ್ಲಿ ಕೂತು
ಎಲ್ಲರ ಚಪ್ಪಲಿ ಕಾಯುವುದು.

ಕಾದಳು. ಐದು, ಆರು, ಏಳನೇ ತರಗತಿ ಪೂರಾ ಕಾದಳು.
ಹಿಮ್ಮಡಿ ಸವೆದದ್ದು ಯಾರದು, ಉಂಗುಷ್ಠ ಕಿತ್ತದ್ದು ಯಾರದು
ಅವಳ ಬೆರಳಿಗೇ ಗೊತ್ತು.
ಸಾಲದ್ದಕ್ಕೆ ಓಟ ಮುಗಿದಾಗಲೆಲ್ಲ ಅಲ್ಲಿಂದಲೇ ಕೂಗು:
"ಫಸ್ಟ್ ಬಂದಿದ್ದು ಗಾನವಿ ಅಲ್ಲ ಸಾರ್, ಪಕ್ಕದವಳು.
ಗಾನವಿ ಕೊನೇಲಿ ಎರಡು ಹೆಜ್ಜೆ ಎಳೆದಳು."
ನಾನು ಸೀಟಿ ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ.
ಅವಳು ಹೇಳಿದ್ದೇ ಸರಿಯೆಂದು ಯಾರಿಗೆ ಹೇಳಲಿ?

ಒಂದು ಶನಿವಾರ, ಬೆಳಗಿನ ಶಾಲೆ,
ಸುಣ್ಣದ ಪುಡಿಯಲ್ಲಿ ಟ್ರ್ಯಾಕ್ ಎಳೆಯುತ್ತಿದ್ದೆ.
ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.
"ಗೆರೆ ಅಂದ್ರೆ ಎಷ್ಟು ದಪ್ಪ ಇರತ್ತೆ ಸಾರ್?"
ಕೈ ಹಿಡಿದು ಮುಟ್ಟಿಸಿದೆ.
ಬೆರಳ ತುದಿ ತಿಕ್ಕಿ ನೋಡಿ ನಕ್ಕಳು:
"ಇದಾ? ಇದು ಗೆರೆ ಅಲ್ಲ ಸಾರ್, ಹಿಟ್ಟು."

ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ ಎಂದರೆ ಸುಳ್ಳು. ಹತ್ತಿತು.
ಆದರೆ ಸೋಮವಾರ ಸಂಜೆ
ಅರಸೀಕೆರೆಯ ರೈಲ್ವೆ ಗೇಟು ದಾಟಿ
ನಾರಿನ ಕಾರ್ಖಾನೆಯ ಮುಂದೆ ಸ್ಕೂಟರ್ ನಿಲ್ಲಿಸಿದ್ದೆ.
ಅವಳ ಖಾಲಾ ಅಲ್ಲಿ ಹುರಿ ಹೊಸೆಯುತ್ತಾಳೆ.
"ನೂರು ಮೀಟರ್ ಹಗ್ಗವಾ? ಬಾವಿಗಾ ಸಾರ್?"
"ಅಲ್ಲಮ್ಮ, ಓಟಕ್ಕೆ."
ದುಡ್ಡು ಎಣಿಸಿಕೊಂಡಳು, ಹತ್ತು ಮೀಟರ್ ಹೆಚ್ಚಿಗೆ ಅಳೆದಳು:
"ಮುಟ್ಟಿದ ಮೇಲೂ ನಿಲ್ಲೋಕೆ ಜಾಗ ಬೇಕಲ್ಲ."

ಎರಡು ತುದಿಗೆ ಗೂಟ. ಹಗ್ಗ ನೆಲಕ್ಕೊತ್ತಿ, ಮೇಲೆ ಸುಣ್ಣ.
ಬರಿಗಾಲಲ್ಲಿ ನಿಂತಳು.
ಎಡಪಾದದ ಅಂಚು ನಾರನ್ನು ಕಂಡಿತು.
ಮೊದಲ ದಿನ ನಡೆದಳು. ಮೂರನೇ ದಿನ ಬಿದ್ದಳು.
ಮೊಣಕಾಲಿನ ಗಾಯವನ್ನು ಕೇರಿಯೆಲ್ಲ ತೋರಿಸಿ ಬಂದಳಂತೆ,
ಆಟದಲ್ಲಾದ ಗಾಯ, ಮೊಟ್ಟಮೊದಲನೆಯದು.

ಬಾಣಾವರದಲ್ಲಿ ತಾಲ್ಲೂಕು ಕ್ರೀಡಾಕೂಟ.
ಪಟ್ಟಿ ತಿರುವಿ ಹಾಕಿದವರು ಹೇಳಿದರು:
"ಇಂಥವರಿಗೆ ಕಾಲಂ ಇಲ್ಲ ಮೇಷ್ಟ್ರೇ,
ಬೇಕಾದರೆ ಊಟದ ಹೊತ್ತಲ್ಲಿ ಓಡಿಸಿ."
ತೀರ್ಪುಗಾರರ ಕೈಯಲ್ಲಿ ಪುಳಿಯೋಗರೆ ತಟ್ಟೆ.
ಓಡಿದಳು, ಒಬ್ಬಳೇ.
ಚಪ್ಪಾಳೆ ಬಂತು, ಎಡಗೈಯಿಂದ ತೊಡೆ ತಟ್ಟಿ.
ಒಂದು ಸ್ಟೀಲ್ ಲೋಟ ಕೊಟ್ಟರು, ಫೋಟೋ ಹಿಡಿದರು.
ಬಸ್ಸಿನಲ್ಲಿ ಲೋಟ ತಿರುಗಿಸುತ್ತ ಕೇಳಿದಳು:
"ಹಿಂದೆ ಯಾರೂ ಇರ್ಲಿಲ್ಲ ಅಲ್ವಾ ಸಾರ್?"
"ಇರಲಿಲ್ಲ."
"ಮುಂದೆ?"
ಅರಸೀಕೆರೆ ಬರುವತನಕ ಕಿಟಕಿಯಾಚೆ ನೋಡಿದೆ.

ಮತ್ತೆ ಕಾರ್ಖಾನೆ. ಇನ್ನೂ ನಾಲ್ಕು ಹಗ್ಗ.
ಈ ಸಲ ಖಾಲಾ ಏನೂ ಕೇಳಲಿಲ್ಲ.
ಲೋಹಿತನ ಗೂಟ ಎಷ್ಟು ಹೆಜ್ಜೆ ಮುಂದಿರಬೇಕೆಂದು
ಮಕ್ಕಳೇ ಎರಡು ದಿನ ಜಗಳವಾಡಿ ತೀರ್ಮಾನಿಸಿದರು,
ಅದರಲ್ಲಿ ಎಲ್ಲರಿಗಿಂತ ಜೋರಾಗಿ ಕಿರುಚಿದ್ದು ಲೋಹಿತ.
ಗೂಡ್ಸ್ ರೈಲು ಹೋಗಿ ಮುಗಿಯಲೆಂದು ಕಾದೆವು,
ಅವಳಿಗೆ ಹೆಜ್ಜೆ ಕೇಳಬೇಕಲ್ಲ.
ಬಾಯಲ್ಲಿ ಸೀಟಿ, ಕೈಯಲ್ಲಿ ಕೆಂಪು ಬಾವುಟ;
ಇದು ತಸ್ಮಿಯಾಳಿಗೆ, ಅದು ಇಂಚರಳಿಗೆ,
ಎರಡನ್ನೂ ಒಂದೇ ಸಲ ಬಿಟ್ಟೆ.

ಗೆದ್ದದ್ದು ಇಂಚರ. ಆಮೇಲೆ ಗಾನವಿ, ಲೋಹಿತ.
ಖಾಲಾ ಕೊಟ್ಟ ಆ ಹೆಚ್ಚಿನ ಹತ್ತು ಮೀಟರಿನಲ್ಲಿ
ತಡೆದು ತಡೆದು ನಿಂತಳು ತಸ್ಮಿಯಾ.
ನಾನು ಬಾಯಿ ತೆರೆಯುವ ಮೊದಲೇ
"ನಾಲ್ಕು," ಎಂದಳು ಏದುಸಿರಲ್ಲಿ, "ನಾಲ್ಕನೇದು ನಾನು.
ಚಿರಂತ ಹಿಂದೆ ಇದ್ದ ಸಾರ್. ಕೇಳಿಸ್ತು.
ದಾರಿಯುದ್ದಕ್ಕೂ ನನ್ನ ಹಿಂದೆ ಒಬ್ಬ ಓಡ್ತಾ ಇದ್ದ!"

ಕಾಲಿಗೆ ಮುಳ್ಳು ಚುಚ್ಚಿತ್ತು ಅನ್ನುತ್ತಾನೆ ಚಿರಂತ, ಇವತ್ತಿಗೂ.

ಹೊಂಗೆಮರದಡಿ ಚಪ್ಪಲಿಗಳು ಕಾಯುವವರಿಲ್ಲದೆ ಬಿದ್ದಿದ್ದವು.
ಆ ದಿನ ಒಂದು ಜೊತೆ ಕಳುವಾಯಿತು.
ನನ್ನದು.